ತದಾಹೃತಾದಾನ: ಕದ್ದ ಬಿಂಬವನ್ನು ಕೊಂಡವರಾರು?

2013ರ ಜುಲೈ ತಿಂಗಳ ಮೊದಲ ವಾರದಲ್ಲಿ ಮೂಡುಬಿದಿರೆಯ ಗುರುಬಸದಿಯಿಂದ ಹದಿನೈದು ಜಿನಬಿಂಬಗಳು ಕಳವಾದ ವಾರ್ತೆಯು ನಮ್ಮ ಕಿರಿಮಂಜೇಶ್ವರಕ್ಕೆ ತಲುಪಿದಾಗ ಮಳೆ ಹಿಡಿದು ಕುಳಿತಿತ್ತು. ಹೆದ್ದಾರಿಯ ಬದಿಯ ಅಂಗಡಿಯೆಂದರೆ ಸುದ್ದಿ ಬಂದು ನಿಲ್ಲುವ ಸ್ಥಳ. ಬಂದವರೆಲ್ಲರೂ ಕೇಳಿದ ಪ್ರಶ್ನೆ ಒಂದೇ: ಕದ್ದವರು ಯಾರು? ಅಗಸ್ತ್ಯೇಶ್ವರ ದೇವಸ್ಥಾನಕ್ಕೆ ಹೋಗುವ ಭಕ್ತರೂ, ಮೀನು ಲಾರಿಯ ಚಾಲಕರೂ, ಜೈನರಲ್ಲದ ನೆರೆಹೊರೆಯವರೂ ನನ್ನ ಮುಖ ನೋಡಿ ಅದನ್ನೇ ಕೇಳಿದರು. ವ್ಯಾಪಾರದಲ್ಲಿ ಬಾಳು ಸವೆಸಿದ ನನಗೆ ಮಾತ್ರ ಬೇರೊಂದು ಪ್ರಶ್ನೆ ಮೊದಲು ತೋರಿತು. ಕೊಳ್ಳುವವರು ಯಾರು? ಕೊಳ್ಳುವವನಿಲ್ಲದ ಮಾಲನ್ನು ಯಾವ ವರ್ತಕನೂ ಹೊತ್ತು ತರುವುದಿಲ್ಲ, ಕಳ್ಳನೂ ಒಬ್ಬ ವರ್ತಕನೇ.

ಗುರುಬಸದಿಯನ್ನು ಸಿದ್ಧಾಂತ ಬಸದಿಯೆಂದೂ ಕರೆಯುವ ಕಾರಣವನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲವಾದರೂ ಕಿರಿಯರಿಗಾಗಿ ಒಂದೆರಡು ಮಾತು. ಪುಷ್ಪದಂತ ಭೂತಬಲಿ ಆಚಾರ್ಯರ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆ, ಅವರು ಆರಂಭಿಸಿ ಶಿಷ್ಯರಾದ ಜಿನಸೇನರು 837ರಲ್ಲಿ ಮುಗಿಸಿದ ಜಯಧವಲಾ, ಹಾಗೂ ಮಹಾಧವಲಾ, ಈ ಮೂರರ ಹಳಗನ್ನಡ ಲಿಪಿಯ ತಾಡವೋಲೆ ಪ್ರತಿಗಳು ಶತಮಾನಗಳ ಕಾಲ ಉಳಿದುಬಂದದ್ದು ಈ ಒಂದು ಸ್ಥಳದಲ್ಲಿ. ಮೂಲನಾಯಕರಾದ ಪಾರ್ಶ್ವನಾಥ ಸ್ವಾಮಿಯ ದರ್ಶನ ಮಾಡಿದ ಯಾತ್ರಿಕರು ಆಮೇಲೆ ಸಿದ್ಧಾಂತ ದರ್ಶನಕ್ಕೆ ಕಾಯುತ್ತಿದ್ದರು. ರತ್ನ, ಸ್ಫಟಿಕ, ಬಂಗಾರಗಳ ಕಿರುಬಿಂಬಗಳನ್ನು ಒಂದೊಂದಾಗಿ ದೀಪದ ಬೆಳಕಿನಲ್ಲಿ ತೋರಿಸುವಾಗ ಮಕ್ಕಳೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದುದನ್ನು ನಾನು ಕಂಡಿದ್ದೇನೆ. ಗೇಣಿಗಿಂತ ಕಿರಿದಾದ ಆ ಬಿಂಬಗಳು ಒಬ್ಬನ ಜೋಳಿಗೆಯಲ್ಲಿ ಹಿಡಿಸುವಂತಹವು ಎಂಬ ಯೋಚನೆ ಆಗ ನಮ್ಮಲ್ಲಿ ಯಾರಿಗೂ ಬಂದಿರಲಿಲ್ಲ.

ಅಪರಾಧದ ರಹಸ್ಯವು ಬಹುಕಾಲ ಉಳಿಯಲಿಲ್ಲ. ಪೊಲೀಸರು ಒಡಿಶಾದ ಕಡೆಯ ಆರೋಪಿಯನ್ನು ಹಿಡಿದರು. ಬಿಂಬಗಳಲ್ಲಿ ಕೆಲವು ದೊರೆತವು. ಬಂಗಾರದವು ಕರಗಿಹೋಗಿದ್ದವೆಂದು ಆಗಿನ ಪತ್ರಿಕೆಗಳಲ್ಲಿ ಓದಿದೆವು. ಕರಗಿಹೋಯಿತು ಎಂಬ ಮಾತನ್ನು ಓದಿದ ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಆದರೂ ಲೆಕ್ಕದ ಬುದ್ಧಿ ಸುಮ್ಮನಿರದು. ಬಿಂಬವನ್ನು ಬಿಂಬವಾಗಿ ಕೊಳ್ಳುವವನೊಬ್ಬನಿದ್ದಾನೆ, ಲೋಹವಾಗಿ ಕೊಳ್ಳುವವನೊಬ್ಬನಿದ್ದಾನೆ. ಮೊದಲನೆಯವನು ಬಲು ದೂರದ ನಗರದಲ್ಲಿ ಗಾಜಿನ ಕಪಾಟಿನ ಮುಂದೆ ಕುಳಿತಿರುತ್ತಾನೆ; ಎರಡನೆಯವನು ಯಾವ ಪೇಟೆಯಲ್ಲಾದರೂ ತಕ್ಕಡಿಯ ಮುಂದೆ ಕುಳಿತಿರುತ್ತಾನೆ. ಇಬ್ಬರೂ ಒಂದೇ ಕೆಲಸ ಮಾಡುತ್ತಾರೆ: ಕೇಳಬೇಕಾದ ಪ್ರಶ್ನೆಯನ್ನು ಕೇಳುವುದಿಲ್ಲ.

ನಮ್ಮ ಆಚಾರ್ಯರು ಈ ಪ್ರಶ್ನೆಯನ್ನು ಬಿಟ್ಟಿಲ್ಲ ಎಂಬುದೇ ಈ ಲೇಖನಕ್ಕೆ ಪ್ರೇರಣೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಲಾಗಿದೆ: ಸ್ತೇನಪ್ರಯೋಗ, ತದಾಹೃತಾದಾನ, ವಿರುದ್ಧರಾಜ್ಯಾತಿಕ್ರಮ, ಹೀನಾಧಿಕಮಾನೋನ್ಮಾನ, ಪ್ರತಿರೂಪಕವ್ಯವಹಾರ. ಸಮಂತಭದ್ರಾಚಾರ್ಯರ ರತ್ನಕರಂಡಕದಲ್ಲಿಯೂ ಹೆಸರುಗಳು ತುಸು ಬೇರೆಯಾಗಿ ಇವೇ ಐದು ಬರುತ್ತವೆ. ಚಿಕ್ಕಂದಿನಲ್ಲಿ ಪಾಠಶಾಲೆಯಲ್ಲಿ ಇವನ್ನು ಬಾಯಿಪಾಠ ಮಾಡುವಾಗ ತೂಕದ ಮೋಸವೊಂದೇ ನಮಗೆ ಅರ್ಥವಾಗುತ್ತಿತ್ತು, ಏಕೆಂದರೆ ನಾವು ಅಂಗಡಿಯವರ ಮಕ್ಕಳು. ಉಳಿದ ನಾಲ್ಕು ಯಾವುದೋ ರಾಜರ ಕಾಲದವು ಎಂದುಕೊಂಡಿದ್ದೆವು.

ಪೂಜ್ಯಪಾದರ ಸರ್ವಾರ್ಥಸಿದ್ಧಿಯನ್ನು ತೆರೆದು ನೋಡಿದರೆ ಆಶ್ಚರ್ಯವಾಗುತ್ತದೆ. ಸ್ತೇನಪ್ರಯೋಗವೆಂದರೆ ಕಳ್ಳನನ್ನು ತಾನೇ ಪ್ರೇರಿಸುವುದು, ಇನ್ನೊಬ್ಬನ ಮೂಲಕ ಪ್ರೇರಿಸುವುದು, ಅಥವಾ ಹಾಗೆ ನಡೆದುದಕ್ಕೆ ಸಮ್ಮತಿಸುವುದು. ಹಾಗಾದರೆ ಪ್ರೇರಿಸದೆ, ಸಮ್ಮತಿಸದೆ, ಕಳ್ಳನು ತಾನಾಗಿ ತಂದುದನ್ನು ಸ್ವೀಕರಿಸಿದವನ ಗತಿಯೇನು? ಅವನಿಗೆಂದೇ ಎರಡನೆಯ ಅತಿಚಾರ, ತದಾಹೃತಾದಾನ. "ನನಗೇನೂ ಗೊತ್ತಿರಲಿಲ್ಲ, ನಾನು ಹಣ ಕೊಟ್ಟು ಕೊಂಡೆ" ಎಂಬ ವಾದಕ್ಕೆ ಹೆಚ್ಚುಕಡಿಮೆ ಸಾವಿರದೈನೂರು ವರ್ಷಗಳ ಹಿಂದೆಯೇ ಬಾಗಿಲು ಮುಚ್ಚಿದೆ. ಮೂರನೆಯದಾದ ವಿರುದ್ಧರಾಜ್ಯಾತಿಕ್ರಮವನ್ನು ವಿವರಿಸುವಾಗ ಅವರು ವ್ಯವಸ್ಥೆ ಕೆಟ್ಟ ರಾಜ್ಯದಲ್ಲಿ ಬೆಲೆಬಾಳುವ ವಸ್ತುಗಳು ಅಲ್ಪ ಬೆಲೆಗೆ ಸಿಗುತ್ತವೆಂದು ನ್ಯಾಯಮಾರ್ಗ ಬಿಟ್ಟು ಅವನ್ನು ಪಡೆಯಲು ಯತ್ನಿಸುವವನನ್ನು ಕಣ್ಣ ಮುಂದೆ ತರುತ್ತಾರೆ. ಇಪ್ಪತ್ತನೆಯ ಶತಮಾನದ ಪುರಾತನ ವಸ್ತುಗಳ ವ್ಯಾಪಾರಕ್ಕೆ ಇದಕ್ಕಿಂತ ಚೊಕ್ಕ ವರ್ಣನೆಯನ್ನು ನಾನು ಬೇರೆಲ್ಲಿಯೂ ಓದಿಲ್ಲ.

ಆ ವ್ಯಾಪಾರವು ಹೇಗೆ ನಡೆಯಿತೆಂಬುದಕ್ಕೆ ನೆರೆಯ ತಮಿಳುನಾಡಿನ ಎರಡು ಪ್ರಸಂಗಗಳನ್ನು ನೋಡೋಣ. ಇವು ಶೈವ ದೇವಾಲಯಗಳಿಗೆ ಸಂಬಂಧಿಸಿದವಾದರೂ ಕಳವಿಗೆ ಮತಭೇದವಿಲ್ಲ.

ತಂಜಾವೂರು ಸೀಮೆಯ ಶಿವಪುರಂ ಎಂಬಲ್ಲಿ 1951ರಲ್ಲಿ ರೈತನೊಬ್ಬನ ಹೊಲದಲ್ಲಿ ಚೋಳರ ಕಾಲದ ಕಂಚಿನ ವಿಗ್ರಹಗಳು ದೊರೆತವು. ಸರಕಾರವು ಅವನ್ನು ಊರ ದೇವಸ್ಥಾನಕ್ಕೇ ಒಪ್ಪಿಸಿತು. ಅದೇ ದಶಕದಲ್ಲಿ ದುರಸ್ತಿಗೆಂದು ಕುಂಭಕೋಣದ ಸ್ಥಪತಿಯ ಬಳಿಗೆ ಹೋದ ವಿಗ್ರಹಗಳು ತಿರುಗಿ ಬಂದವು, ಪೂಜೆಯೂ ಮುಂದುವರಿಯಿತು. ಆದರೆ ಬಂದ ನಟರಾಜನು ಹೋದ ನಟರಾಜನಾಗಿರಲಿಲ್ಲ. ಮೂಲವನ್ನು ಇರಿಸಿಕೊಂಡು ಅದರ ಪ್ರತಿಯನ್ನು ದೇವಸ್ಥಾನಕ್ಕೆ ಕಳುಹಿಸಲಾಗಿತ್ತು. ಈ ಸಂಗತಿಯನ್ನು ಹೊರಗೆಡಹಿದವನು ಊರವನಲ್ಲ, ಪೊಲೀಸನಲ್ಲ. ಬ್ರಿಟಿಷ್ ಮ್ಯೂಸಿಯಂನ ವಿದ್ವಾಂಸ ಡಗ್ಲಸ್ ಬ್ಯಾರೆಟ್ 1965ರಲ್ಲಿ ಚೋಳ ಕಂಚುಗಳ ಕುರಿತ ತನ್ನ ಗ್ರಂಥದಲ್ಲಿ ದೇವಸ್ಥಾನದಲ್ಲಿರುವುದು ನಕಲು ಎಂದು ಬರೆದನು. ಮೂಲವು ಮುಂಬಯಿಯ ಮೂಲಕ ನ್ಯೂಯಾರ್ಕಿಗೆ ಹೋಗಿ, 1973ರಲ್ಲಿ ಕ್ಯಾಲಿಫೋರ್ನಿಯಾದ ಶ್ರೀಮಂತ ಸಂಗ್ರಾಹಕ ನಾರ್ಟನ್ ಸೈಮನ್ನನ ಸಂಸ್ಥೆಗೆ 9 ಲಕ್ಷ ಡಾಲರಿಗೆ ಮಾರಾಟವಾಯಿತು. ಅದು ಕಳ್ಳಸಾಗಣೆಯ ಮಾಲು ಎಂಬುದನ್ನು, ತಾನು ಆ ವರ್ಷಗಳಲ್ಲಿ ಕೊಂಡ ಏಷ್ಯಾದ ಕಲಾವಸ್ತುಗಳಲ್ಲಿ ಹೆಚ್ಚಿನವು ಅಂತಹವೇ ಎಂಬುದನ್ನು ಆತ ಪತ್ರಿಕೆಯವರ ಮುಂದೆ ನಿಸ್ಸಂಕೋಚವಾಗಿ ಹೇಳಿಕೊಂಡದ್ದು ವರದಿಯಾಯಿತು. ಹಾಗೆ ಹೇಳಲಿಲ್ಲವೆಂದು ಆಮೇಲೆ ನಿರಾಕರಿಸಿದ್ದೂ ಉಂಟು. ಭಾರತ ಸರಕಾರದ ವ್ಯಾಜ್ಯ, ಒಪ್ಪಂದಗಳ ನಂತರ 1986ರಲ್ಲಿ ವಿಗ್ರಹವು ಸ್ವದೇಶಕ್ಕೆ ಮರಳಿತು. ಪೂಜ್ಯಪಾದರು ಕೃತ್ರಿಮವಾದ ಬಂಗಾರವೇ ಮೊದಲಾದವುಗಳಿಂದ ವಂಚಿಸುವ ವ್ಯವಹಾರಕ್ಕೆ ಪ್ರತಿರೂಪಕವೆಂದರು. ಇಲ್ಲಿ ವಂಚನೆಗೆ ಒಳಗಾದವರು ಖೋಟಾ ವಿಗ್ರಹಕ್ಕೆ ನಂಬಿಕೆಯಿಂದ ಆರತಿ ಎತ್ತಿದ ಊರವರು. ಅವರ ಭಕ್ತಿಯೂ ಖೋಟಾ ಆಯಿತೇ ಎಂದು ನಮ್ಮ ಸ್ವಾಧ್ಯಾಯ ಗೋಷ್ಠಿಯಲ್ಲಿ ಒಬ್ಬರು ಕೇಳಿದ್ದರು. ಪರಿಣಾಮ ಶುದ್ಧವಾಗಿದ್ದ ಮೇಲೆ ಹಾಗೆ ಹೇಳಲಾಗದು ಎಂಬುದು ನನ್ನ ಅಭಿಪ್ರಾಯ. ಆದರೆ ವಂಚಿಸಿದವನ ಭಾರ ಅದರಿಂದ ಗುಲಗಂಜಿಯಷ್ಟೂ ಹಗುರಾಗದು.

ಎರಡನೆಯ ಪ್ರಸಂಗವು ಇತ್ತೀಚಿನದು, ನಮಗೆ ಹೆಚ್ಚು ಹತ್ತಿರದ್ದು. ನ್ಯೂಯಾರ್ಕಿನ ಮ್ಯಾಡಿಸನ್ ಅವೆನ್ಯೂದಲ್ಲಿ ಸುಭಾಷ್ ಕಪೂರ್ ಎಂಬಾತನ ಕಲಾ ಮಳಿಗೆಯಿತ್ತು. ದೊಡ್ಡ ದೊಡ್ಡ ವಸ್ತುಸಂಗ್ರಹಾಲಯಗಳು ಅವನ ಗಿರಾಕಿಗಳು. ಅರಿಯಲೂರು ಜಿಲ್ಲೆಯ ಶ್ರೀಪುರಂತಾನದ ದೇವಸ್ಥಾನದಿಂದ 2006ರಲ್ಲಿ ಕಳವಾದ ನಟರಾಜನನ್ನು ಆಸ್ಟ್ರೇಲಿಯಾದ ನ್ಯಾಷನಲ್ ಗ್ಯಾಲರಿಯು 2008ರಲ್ಲಿ ಆತನಿಂದ 50 ಲಕ್ಷ ಡಾಲರಿಗೆ ಕೊಂಡಿತು. ಕೊಳ್ಳುವಾಗ ಕಾಗದಪತ್ರಗಳಿಲ್ಲದೆ ಇರಲಿಲ್ಲ. ಸುಡಾನ್ ದೇಶದ ರಾಜತಾಂತ್ರಿಕರೊಬ್ಬರು 1970ರ ಸುಮಾರಿಗೆ ದಿಲ್ಲಿಯಲ್ಲಿ ಖರೀದಿಸಿ ಕೊಂಡೊಯ್ದಿದ್ದರೆಂದು ಆ ಕಾಗದಗಳು ಹೇಳುತ್ತಿದ್ದವು. ವರ್ಷವನ್ನು ಹಿಂದಕ್ಕೆ ಸರಿಸಿದ್ದು ಏಕೆಂದು ಲೆಕ್ಕ ಬಲ್ಲವರಿಗೆ ಕೂಡಲೇ ತಿಳಿಯುತ್ತದೆ. ನಮ್ಮ ಪುರಾತನ ವಸ್ತು ಹಾಗೂ ಕಲಾನಿಧಿ ಕಾಯಿದೆಯು 1972ರದು, ಜಾರಿಗೆ ಬಂದದ್ದು 1976ರ ಏಪ್ರಿಲ್ 5ರಂದು. ಅದರ ಮೇರೆಗೆ ನೂರು ವರ್ಷ ಹಳೆಯದಾದ ಪ್ರತಿಮೆಯನ್ನು ಖಾಸಗಿಯವರು ದೇಶದಿಂದ ಹೊರಗೆ ಕಳುಹಿಸುವಂತೆಯೇ ಇಲ್ಲ. ಆದುದರಿಂದ ಕಳ್ಳಮಾಲಿನ ಹುಟ್ಟುದಿನವನ್ನು ಕಾಯಿದೆಗಿಂತ ಹಿಂದಕ್ಕೆ ಬರೆದರು. ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ ಹಳೆ ತಾರೀಕಿನ ಬಿಲ್ಲು.

ಆ ಬಿಲ್ಲನ್ನು ಸುಳ್ಳಾಗಿಸಿದ್ದು ಒಂದು ಛಾಯಾಚಿತ್ರ. ಪುದುಚೇರಿಯ ಫ್ರೆಂಚ್ ಸಂಸ್ಥೆಯು ದೇವಾಲಯಗಳ ಪ್ರತಿಮೆಗಳನ್ನು ದಶಕಗಳಿಂದ ಚಿತ್ರೀಕರಿಸಿ ಇರಿಸಿಕೊಂಡಿತ್ತು. ಅದೇ ನಟರಾಜನು 1994ರಲ್ಲಿ ಶ್ರೀಪುರಂತಾನದ ಗುಡಿಯೊಳಗೇ ಇದ್ದುದನ್ನು ಅದರ ಚಿತ್ರವು ತೋರಿಸಿತು. 1970ರಲ್ಲಿ ದಿಲ್ಲಿಯಿಂದ ಹೊರಟವನು 1994ರಲ್ಲಿ ತನ್ನ ಗುಡಿಯಲ್ಲಿ ಇರಲು ಸಾಧ್ಯವೇ? ಕಪೂರನು 2011ರ ಅಕ್ಟೋಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಬಂಧಿತನಾಗಿ, 2012ರಲ್ಲಿ ಭಾರತಕ್ಕೆ ಒಪ್ಪಿಸಲ್ಪಟ್ಟನು. ಉಡೈಯಾರ್‌ಪಾಳಯಂ ದೇವಸ್ಥಾನದ ಕಳವಿಗೆ ಸಂಬಂಧಿಸಿದ ಪ್ರಕರಣದಲ್ಲಿ 2022ರ ನವೆಂಬರಿನಲ್ಲಿ ಕುಂಭಕೋಣದ ನ್ಯಾಯಾಲಯವು ಅವನಿಗೆ 10 ವರ್ಷಗಳ ಶಿಕ್ಷೆ ವಿಧಿಸಿತು. ನಟರಾಜನು 2014ರ ಸೆಪ್ಟೆಂಬರಿನಲ್ಲಿಯೇ ಮರಳಿದ್ದನು.

ನಮಗೆ ಹತ್ತಿರದ್ದು ಎಂದೆನಷ್ಟೆ. ಅದೇ ಆಸ್ಟ್ರೇಲಿಯಾದ ಗ್ಯಾಲರಿಯು 2021ರ ಜುಲೈಯಲ್ಲಿ ಇನ್ನೂ 14 ಕಲಾಕೃತಿಗಳನ್ನು ಭಾರತಕ್ಕೆ ಹಿಂದಿರುಗಿಸುವುದಾಗಿ ಪ್ರಕಟಿಸಿತು. ಹದಿಮೂರು ಕಪೂರನ ವ್ಯವಹಾರಕ್ಕೆ ಸೇರಿದವು. ಆ ಪಟ್ಟಿಯಲ್ಲಿ ಆಬೂ ಪರ್ವತ ಪ್ರಾಂತದ, 1163ನೆಯ ಇಸವಿಯ ಅಮೃತಶಿಲೆಯ ಪದ್ಮಾಸನಸ್ಥ ಜಿನಬಿಂಬವೊಂದಿತ್ತು. ಜಿನಾಲಯದ ತೋರಣವೊಂದಿತ್ತು. ಜೈನ ಮುನಿಗಳನ್ನು ಚಾತುರ್ಮಾಸಕ್ಕೆ ಆಹ್ವಾನಿಸುವ ಚಿತ್ರಲಿಖಿತ ವಿಜ್ಞಪ್ತಿಪತ್ರವೂ ಇತ್ತು! ಮುನಿಗಳನ್ನು ಕರೆಯಲು ಬರೆದ ಓಲೆಯನ್ನೂ ಹರಾಜಿನ ಮಾಲಾಗಿ ಕಂಡವರಿಗೆ ಏನು ಹೇಳೋಣ. ತೋರಣವನ್ನು ಗೋಡೆಯಿಂದ ಕಿತ್ತು ತೆಗೆಯುವುದು ಒಬ್ಬನ ರಾತ್ರಿಯ ಕೆಲಸವಲ್ಲ. ಆಳು, ಹಾರೆ, ಗಾಡಿ, ಪೆಟ್ಟಿಗೆ, ಬಂದರಿನ ಕಾಗದ ಎಲ್ಲವೂ ಬೇಕು. ಅಷ್ಟು ಕೈಗಳಲ್ಲಿ ಒಂದು ಕೈಯಾದರೂ ಪ್ರಶ್ನೆ ಕೇಳಲಿಲ್ಲ.

ಈಗ ಮತ್ತೆ ಮೂಡುಬಿದಿರೆಗೆ ಬರೋಣ. ಏಕೆಂದರೆ ಅದೇ ಸಿದ್ಧಾಂತ ಬಸದಿಯಿಂದ ನೂರು ವರ್ಷಗಳ ಹಿಂದೆ ಇನ್ನೊಂದು ವಸ್ತುವು ಗುಟ್ಟಾಗಿ ಹೊರಗೆ ಹೋದ ಕಥೆಯಿದೆ, ಮತ್ತು ಅದು ನನ್ನ ವಾದವನ್ನು ಇಕ್ಕಟ್ಟಿಗೆ ಸಿಲುಕಿಸುತ್ತದೆ. ಡಾ. ಹೀರಾಲಾಲ ಜೈನರು 1939ರಲ್ಲಿ ಪ್ರಕಟವಾದ ಧವಲಾದ ಮೊದಲ ಸಂಪುಟದ ಪ್ರಸ್ತಾವನೆಯಲ್ಲಿ ಇದನ್ನು ಹೇಳಿದ್ದಾರೆ. ಓಲೆಗಳು ಜೀರ್ಣವಾಗುತ್ತಿವೆಯೆಂದು ಮುಂಬಯಿಯ ಸೇಠ್ ಮಾಣಿಕಚಂದರು, ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದರು ಮುಂದಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡಿಸುವ ಕಾರ್ಯ ಆರಂಭಿಸಿದರು. ಪ್ರತಿಯೂ ಮೂಡುಬಿದಿರೆಯಲ್ಲಿಯೇ ಉಳಿಯತಕ್ಕದ್ದು ಎಂಬುದು ಅಲ್ಲಿನವರ ನಿರ್ಧಾರ. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳ ನಂತರ ಬರವಣಿಗೆಯನ್ನು ಮುಂದುವರಿಸಿದ ಗಜಪತಿ ಉಪಾಧ್ಯಾಯರು ಹಗಲು ನಾಗರಿ ಪ್ರತಿ ಬರೆಯುತ್ತ, ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಪ್ತವಾಗಿ ಇನ್ನೊಂದು ಕನ್ನಡ ಪ್ರತಿಯನ್ನೂ ಸಿದ್ಧಪಡಿಸಿದರು. ಅದನ್ನು ಹೊತ್ತು ಅವರು ಸೊಲ್ಲಾಪುರಕ್ಕೆ ಹೋದರೆ ಹೀರಾಚಂದರು ಸ್ವೀಕರಿಸಲಿಲ್ಲ; ಮಾಣಿಕಚಂದರಲ್ಲಿಯೂ ಅದಕ್ಕೆ ಸ್ಥಳ ಸಿಗಲಿಲ್ಲ. ಕಡೆಗೆ ಸಹಾರನಪುರದ ಲಾಲಾ ಜಂಬೂಪ್ರಸಾದರು ಹಣ ಕೊಟ್ಟು ತಮ್ಮ ಮಂದಿರದಲ್ಲಿ ಇರಿಸಿಕೊಂಡರು. ಅಲ್ಲಿ ಅದನ್ನು ನಾಗರಿಗೆ ಇಳಿಸಿದ ಸೀತಾರಾಮ ಶಾಸ್ತ್ರಿಗಳು ತಮಗಾಗಿಯೂ ಒಂದು ಪ್ರತಿಯನ್ನು ಗುಟ್ಟಾಗಿ ಉಳಿಸಿಕೊಂಡರು! ಆ ಪ್ರತಿಯ ಪ್ರತಿಗಳೇ ಊರೂರಿಗೆ ಹರಡಿ, ಷಟ್ಖಂಡಾಗಮವು ಅಚ್ಚಾಗಿ ಹದಿನಾರು ಸಂಪುಟಗಳಲ್ಲಿ ನಮ್ಮೆಲ್ಲರ ಕೈಗೆ ಬಂದಿತು.

ಇದು ಚೌರ್ಯವೇ? ನಮ್ಮ ಗೋಷ್ಠಿಯಲ್ಲಿ ಈ ಬಗ್ಗೆ ಒಮ್ಮತವಿಲ್ಲ. ಓಲೆಗಳಲ್ಲಿ ಒಂದೂ ಕಡಿಮೆಯಾಗಲಿಲ್ಲ, ಯಾರ ಪೂಜೆಯೂ ನಿಲ್ಲಲಿಲ್ಲ, ಜ್ಞಾನ ಹೆಚ್ಚಿತು ಎಂಬುದು ಒಂದು ಪಕ್ಷ. ಕೊಟ್ಟ ಮಾತಿಗೆ ವಿರುದ್ಧವಾಗಿ, ಒಡೆಯರಿಗೆ ತಿಳಿಯದಂತೆ ಕೈಗೊಂಡ ಕೆಲಸಕ್ಕೆ ಫಲ ಒಳ್ಳೆಯದೆಂಬ ಮಾತ್ರಕ್ಕೆ ಹೆಸರು ಬದಲಾಗದು ಎಂಬುದು ಇನ್ನೊಂದು ಪಕ್ಷ. ಆ ಸಂಪುಟಗಳನ್ನು ಕಪಾಟಿನಲ್ಲಿ ಇರಿಸಿಕೊಂಡು ಗಜಪತಿ ಉಪಾಧ್ಯಾಯರನ್ನು ಕಳ್ಳರೆನ್ನಲು ನನಗೆ ನಾಲಗೆ ಏಳುವುದಿಲ್ಲ. ಆದರೂ ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವವರು ಸೊಲ್ಲಾಪುರದ ಹೀರಾಚಂದರು. ಆ ಗ್ರಂಥಗಳು ಬೆಳಕಿಗೆ ಬರಲೆಂದು ಹಣವನ್ನೂ ಆಯುಷ್ಯವನ್ನೂ ವ್ಯಯಿಸಿದವರು ಅವರೇ. ಅದು ಮನೆಬಾಗಿಲಿಗೆ ತಾನಾಗಿ ಬಂದಾಗ, ಬಂದ ದಾರಿ ಸರಿಯಲ್ಲವೆಂದು ಬೇಡವೆಂದವರೂ ಅವರೇ. ಅವರೂ ವರ್ತಕರು.

ನಾನು ಹಾಗೆ ಬೇಡವೆನ್ನಲಿಲ್ಲ. ಇದನ್ನು ಬರೆಯಲು ಹಲವು ವರ್ಷ ಹಿಂಜರಿದಿದ್ದೇನೆ. ಬಿ.ಕಾಂ. ಮುಗಿಸಿ ತಂದೆಯವರ ಅಂಗಡಿಯಲ್ಲಿ ಕುಳಿತ ಹೊಸತರಲ್ಲಿ, ಒಂದು ಸಂಜೆ ಘಟ್ಟದ ಬುಡದ ಕಡೆಯವನೊಬ್ಬನು ಗೋಣಿಯಲ್ಲಿ ಸುತ್ತಿ ಒಂದು ಲೋಹದ ಬಿಂಬವನ್ನು ತಂದನು. ತೋಟದಲ್ಲಿ ಗುಂಡಿ ತೋಡುವಾಗ ಸಿಕ್ಕಿತೆಂದನು. ನೋಡಿದರೆ ಪಾರ್ಶ್ವನಾಥ ಸ್ವಾಮಿ. ನಾನು ಕೊಳ್ಳದಿದ್ದರೆ ಗುಜರಿಯವನ ಕುಲುಮೆಗೆ ಹೋಗುತ್ತದೆಂದು ನನ್ನನ್ನು ನಾನೇ ನಂಬಿಸಿಕೊಂಡೆ. ತಕ್ಕಡಿಯಲ್ಲಿಟ್ಟು ತೂಗಿ, ಹಳೆ ಹಿತ್ತಾಳೆಯ ದರಕ್ಕಿಂತ ತುಸು ಹೆಚ್ಚು ಕೊಟ್ಟೆ. ಒಳ್ಳೆಯ ಕೆಲಸ ಮಾಡಿದೆನೆಂಬ ಸಂತೋಷದಿಂದ ಮನೆಗೆ ತಂದೆ. ಅಮ್ಮ ಕೈ ಮುಗಿದರು, ದೀಪ ಹಚ್ಚಿದರು, ಆಮೇಲೆ ಕೇಳಿದರು: "ಇದ್ ಯಾವ್ ಬಸದಿ ಸ್ವಾಮಿ ಅಂದೇಳಿ ಕೇಂಡ್ಯಾ ಮಗಾ?" ಕೇಳಿರಲಿಲ್ಲ. ಅವನ ಹೆಸರನ್ನೂ ಕೇಳಿರಲಿಲ್ಲ. ಆ ದಿನದ ಖರೀದಿ ಪುಸ್ತಕದಲ್ಲಿ ನನ್ನ ಅಕ್ಷರದಲ್ಲಿ "ಹಳೆ ಹಿತ್ತಾಳೆ, 2 ಕಿಲೋ 300 ಗ್ರಾಂ" ಎಂದಿದೆ, ಮುಂದೆ ಮೊತ್ತವಿದೆ, ಕೊಟ್ಟವನ ಹೆಸರಿಲ್ಲ. ನೆಲದಲ್ಲಿ ಸಿಕ್ಕಿದುದನ್ನು ಸರಕಾರಕ್ಕೆ ತಿಳಿಸಬೇಕೆಂಬ ನಿಧಿ ಕಾನೂನು ಇದ್ದುದಾಗಲಿ, ಪುರಾತನ ಪ್ರತಿಮೆಯನ್ನು ನೋಂದಾಯಿಸಬೇಕೆಂಬ 1972ರ ಕಾಯಿದೆಯಾಗಲಿ ವಾಣಿಜ್ಯ ಪದವೀಧರನಾದ ನನಗೆ ತಿಳಿದಿರಲಿಲ್ಲವೆಂದರೆ ಅದು ನೆಪವಷ್ಟೆ.

ನಮ್ಮ ಕರಾವಳಿಯಲ್ಲಿ ಇಂತಹ ಅನಾಥ ಬಿಂಬಗಳಿಗೆ ಕೊರತೆಯಿಲ್ಲ. ದಕ್ಷಿಣಕ್ಕೆ ಬಾರ್ಕೂರಿನ ಕತ್ತಲೆ ಬಸದಿ, ಹಟ್ಟಿಯಂಗಡಿಯ ಬಸದಿ. ಉತ್ತರಕ್ಕೆ ಭಟ್ಕಳದ ಜಟ್ಟಪ್ಪ ನಾಯಕನ ಬಸದಿ, ಹಾಡುವಳ್ಳಿ, ಶರಾವತಿಯ ಕಾಡಿನ ನಡುವೆ ಗೇರುಸೊಪ್ಪೆಯ ಚತುರ್ಮುಖ ಬಸದಿ. ಒಂದು ಕಾಲದ ರಾಜಧಾನಿಗಳೂ ವ್ಯಾಪಾರದ ಪಟ್ಟಣಗಳೂ ಆಗಿದ್ದ ಈ ಊರುಗಳಲ್ಲಿ ಶ್ರಾವಕರ ಮನೆಗಳು ಕಡಿಮೆಯಾದವು, ಕಲ್ಲುಗಳು ಉಳಿದವು. ಪುರಾತತ್ತ್ವ ಇಲಾಖೆಗಳ ರಕ್ಷಣೆಯಲ್ಲಿರುವವು ಹೇಗೋ ಲೆಕ್ಕದಲ್ಲಿವೆ. ಮನೆಯ ದೇವರ ಕೋಣೆಯಲ್ಲಿ, ಮುಚ್ಚಿದ ಕಿರುಬಸದಿಯಲ್ಲಿ, ಹಳೆಯ ಬೀಡಿನ ಅಟ್ಟದಲ್ಲಿ ಇರುವವುಗಳ ಲೆಕ್ಕ ಯಾರ ಬಳಿ ಇದೆ? ಬಿಂಬದ ಛಾಯಾಚಿತ್ರ ತೆಗೆಯಬಾರದೆಂದು ನಮ್ಮ ಹಿರಿಯರಲ್ಲಿ ಕೆಲವರು ಇಂದಿಗೂ ಆಕ್ಷೇಪಿಸುತ್ತಾರೆ. ಅವರ ಭಾವನೆಗೆ ಗೌರವವಿದೆ. ಆದರೆ ಶ್ರೀಪುರಂತಾನದ ದೇವರನ್ನು ಆಸ್ಟ್ರೇಲಿಯಾದಿಂದ ಕರೆತಂದ ಸಾಕ್ಷಿ ಒಂದು ಛಾಯಾಚಿತ್ರವೇ ಎಂಬುದನ್ನು ಅವರ ಗಮನಕ್ಕೆ ತರುತ್ತೇನೆ. ಎದುರು, ಹಿಂಬದಿ, ಪೀಠ, ಲೇಖನವಿದ್ದರೆ ಲೇಖನ, ಎತ್ತರ, ತೂಕ, ಮುಕ್ಕಾದ ಗುರುತು. ಇಷ್ಟನ್ನು ಬರೆದು ಎರಡು ಪ್ರತಿಗಳನ್ನು ಎರಡು ಊರುಗಳಲ್ಲಿ ಇರಿಸಲು ಒಂದು ಭಾನುವಾರ ಸಾಕು. ಅಂಗಡಿಯ ದಾಸ್ತಾನನ್ನು ವರ್ಷಕ್ಕೊಮ್ಮೆ ಎಣಿಸುವ ನಾವು ಬಸದಿಯ ದಾಸ್ತಾನನ್ನು ತಲೆಮಾರಿಗೊಮ್ಮೆಯೂ ಎಣಿಸುವುದಿಲ್ಲ.

ಮೂಡುಬಿದಿರೆಯ ಕಳವಿನ ಬಳಿಕ ನಾನು ಅಮ್ಮನ ಪ್ರಶ್ನೆಗೆ ಉತ್ತರ ಹುಡುಕಲು ಹೊರಟೆ. ಘಟ್ಟದ ಬುಡದ ನಾಲ್ಕೈದು ಊರುಗಳನ್ನು ತಿರುಗಿದರೂ ಬಿಂಬವನ್ನು ತಂದವನ ಸುಳಿವು ಸಿಗಲಿಲ್ಲ. ಪೀಠದ ಹಿಂದಿನ ಕನ್ನಡ ಲಿಪಿಯ ಎರಡು ಸಾಲನ್ನು ಬಲ್ಲವರೊಬ್ಬರು ಓದಿದರು; ಮಾಡಿಸಿಕೊಟ್ಟ ಶ್ರಾವಿಕೆಯ ಹೆಸರಿನ ಮೊದಲ ಅಕ್ಷರಗಳು ಸವೆದಿವೆ, ಊರಿನ ಹೆಸರಿಲ್ಲ. ಅಮ್ಮ ಈಗ ಇಲ್ಲ. ಬಿಂಬವನ್ನು ಅದು ನನ್ನ ಕೈಗೆ ಬಂದ ವಿವರದ ಲಿಖಿತ ಹೇಳಿಕೆಯೊಂದಿಗೆ, ಖರೀದಿ ಪುಸ್ತಕದ ಆ ಪುಟದ ನಕಲಿನೊಂದಿಗೆ, ಸಂಬಂಧಪಟ್ಟ ಅಧಿಕಾರಿಗಳಿಗೆ ತಿಳಿಸಿ ಒಪ್ಪಿಸಿದ್ದೇನೆ.

ಗುರುತುಗಳು ಹೀಗಿವೆ: ಕಾಯೋತ್ಸರ್ಗ ಭಂಗಿಯ ಪಾರ್ಶ್ವನಾಥ ಸ್ವಾಮಿ, ಪೀಠಸಹಿತ ಒಂದು ಗೇಣಿಗಿಂತ ತುಸು ಎತ್ತರ, ಏಳು ಹೆಡೆ, ಅವುಗಳಲ್ಲಿ ಸ್ವಾಮಿಯ ಎಡಬದಿಯ ಕೊನೆಯದು ಮುರಿದಿದೆ, ಪೀಠದ ಬಲಮೂಲೆಯಲ್ಲಿ ಹಳೆಯ ಬೆಸುಗೆಯ ಕಲೆಯಿದೆ. ಬೈಂದೂರು, ಕುಂದಾಪುರ, ಭಟ್ಕಳ ಸೀಮೆಗಳ ಯಾವುದೇ ಬಸದಿಯಿಂದ ಅಥವಾ ಮನೆಯಿಂದ ಇಂತಹ ಬಿಂಬವು ಕಾಣೆಯಾದುದನ್ನು ಹಿರಿಯರು ಹೇಳಿದ್ದು ಯಾರಿಗಾದರೂ ನೆನಪಿದ್ದರೆ ದಯವಿಟ್ಟು ಈ ಪತ್ರಿಕೆಯ ಸಂಪಾದಕರಿಗೆ ತಿಳಿಸಬೇಕಾಗಿ ವಿನಂತಿ.